ನೆಲ ಮುಚ್ಚುವ ಕಾಲ

ಶಿವರಾತ್ರಿಯ ಹೊತ್ತಿಗೆ ಬಯಲುಸೀಮೆಯ ಹೊಂಗೆಮರಗಳು ಹಳದಿಗೆ ತಿರುಗಿದ ಎಲೆಗಳನ್ನು ಉದುರಿಸತೊಡಗುತ್ತವೆ. ಯುಗಾದಿ ಬರುವಷ್ಟರಲ್ಲಿ ಅದೇ ಮರಗಳ ಮೈತುಂಬ ಮಿರುಗುವ ಎಳೆಹಸಿರು. ಅರಳಿಯದು ತಾಮ್ರಬಣ್ಣದ ಚಿಗುರು. ಬೇವಿಗೆ ಚಿಗುರಿನ ಬೆನ್ನಿಗೇ ಹೂವು. ಈ ನಡುವೆ ಹೆಚ್ಚಿನ ವರ್ಷಗಳಲ್ಲಿ ಹೇಳಿಕೊಳ್ಳುವಂಥ ಮಳೆ ಒಂದೂ ಬಿದ್ದಿರುವುದಿಲ್ಲ. ಮರ ಚಿಗುರಿದ್ದನ್ನು ಕಂಡ ಕೂಡಲೇ ಮನೆಯ ಹಿತ್ತಲಲ್ಲೂ ಕೆಲಸ ಶುರುವಾಗುತ್ತದೆ: ತರಗೆಲೆ ಗುಡಿಸಿ ಸುಡುವುದು, ಪಾತಿ ಅಗೆದು ಮಣ್ಣು ತಿರುವಿಹಾಕುವುದು, ಗುಲಾಬಿ ದಾಸವಾಳಗಳನ್ನು ಸವರುವುದು, ಬುಡಕ್ಕೆ ಗೊಬ್ಬರ ಸುರಿಯುವುದು. ಬಹಳಷ್ಟು ತೋಟಗಾರಿಕೆಯ ಪುಸ್ತಕಗಳೂ ವಸಂತದ ಆರಂಭಕ್ಕೆ ಇದೇ ಕೆಲಸಗಳನ್ನು ಹೇಳುತ್ತವೆ. ಆದರೆ ಈ ಪಟ್ಟಿ ಹುಟ್ಟಿದ್ದು ಹಿಮ ಕರಗುವ ನಾಡುಗಳಲ್ಲಿ. ಅಲ್ಲಿಗೆ ಅದು ಸರಿಯೇ. ಕರ್ನಾಟಕದ ಒಳನಾಡಿನಲ್ಲಿ ಮಾತ್ರ ಫೆಬ್ರವರಿ ಮಾರ್ಚ್‌ ತಿಂಗಳ ಕೈತೋಟ ಕೇಳುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದದ್ದನ್ನು: ಅಗೆಯುವುದರ ಬದಲು ನೆಲವನ್ನು ಮುಚ್ಚುವುದು, ಗಿಡವನ್ನು ಬೆಳವಣಿಗೆಗೆ ಹುರಿದುಂಬಿಸುವ ಬದಲು ಎರಡೂವರೆ ತಿಂಗಳು ತಡೆದು ನಿಲ್ಲಿಸುವುದು. ಹೀಗೇಕೆ ಎಂಬುದಕ್ಕೆ ಮಣ್ಣಿನ ಭೌತವಿಜ್ಞಾನದಲ್ಲೂ ಗಿಡಮರಗಳ ಶರೀರಕ್ರಿಯೆಯಲ್ಲೂ ಕಾರಣಗಳಿವೆ.

ಬ್ರಿಟನ್ನಿನಲ್ಲಿ ಮಾರ್ಚ್‌ ತಿಂಗಳ ತೋಟದ ಮಣ್ಣು ಚಳಿಗಾಲದ ಮಳೆಯಲ್ಲಿ ತೊಯ್ದು ತಣ್ಣಗೆ ಕುಳಿತಿರುತ್ತದೆ. ಅಲ್ಲಿ ಕೊರತೆ ಬಿಸಿಗೆ, ನೀರಿಗಲ್ಲ. ಮಣ್ಣನ್ನು ಸಡಿಲಿಸಿದರೆ ಹೆಚ್ಚಿನ ತೇವ ಆರುತ್ತದೆ, ಗಾಳಿ ಆಡುತ್ತದೆ, ಬಿಸಿಲು ಬೇಗ ಒಳಗಿಳಿಯುತ್ತದೆ. ಅಂದರೆ ನೀರನ್ನು ಕಳೆದುಕೊಳ್ಳುವುದೇ ಅಲ್ಲಿನ ತೋಟಗಾರನ ಉದ್ದೇಶ. ಬೆಂಗಳೂರಿನಲ್ಲಿ ಜನವರಿ ಫೆಬ್ರವರಿ ಎರಡೂ ತಿಂಗಳು ಸೇರಿ ಬೀಳುವ ಸರಾಸರಿ ಮಳೆ 10 ಮಿಲಿಮೀಟರಿನ ಆಸುಪಾಸು. ಸೆಪ್ಟೆಂಬರ್‌ ಒಂದೇ ತಿಂಗಳು 200ನ್ನು ದಾಟುತ್ತದೆ. ಫೆಬ್ರವರಿಯಲ್ಲಿ ಮಧ್ಯಾಹ್ನದ ಉಷ್ಣತೆ ಆಗಲೇ 30 ಡಿಗ್ರಿಯ ಹತ್ತಿರ, ಏಪ್ರಿಲ್‌ ವರ್ಷದಲ್ಲೇ ಅತಿ ಸೆಕೆಯ ತಿಂಗಳು. ಬೆಚ್ಚನೆಯ ಮಣ್ಣಿಗಾಗಿ ನಾವು ಕಾಯಬೇಕಾಗಿಯೇ ಇಲ್ಲ. ಬದಲಿಗೆ ಹಿಂಗಾರು ಬಿಟ್ಟುಹೋದ ತೇವ ದಿನೇದಿನೇ ಕರಗುತ್ತಿರುತ್ತದೆ, ಅದನ್ನು ತುಂಬಿಕೊಡುವ ಮಳೆ ಏಪ್ರಿಲ್‌ ನಡುಭಾಗಕ್ಕೆ ಮೊದಲು ಖಾತರಿಯಿಲ್ಲ. ಎರಡೂ ಕಡೆ ಮರಗಳು ಚಿಗುರುತ್ತವೆ ಎಂಬ ಒಂದೇ ಕಾರಣಕ್ಕೆ ಎರಡನ್ನೂ ವಸಂತ ಎಂದು ಕರೆಯುತ್ತೇವೆ. ಮಣ್ಣಿನ ಲೆಕ್ಕದಲ್ಲಿ ಮಾತ್ರ ಇವು ಎದುರುಬದುರು ಋತುಗಳು.

ಇಲ್ಲಿ ಯಾರಾದರೂ ಕೇಳಬಹುದು: ನೀರಿಗೆ ಇಷ್ಟು ಕೊರತೆಯಿದ್ದರೆ ಹೊಂಗೆ ಚಿಗುರುವುದಾದರೂ ಹೇಗೆ? ಮರಕ್ಕೆ ಸಾಧ್ಯವಾದದ್ದು ಬದನೆಗಿಡಕ್ಕೆ ಏಕಾಗದು? ಒಳ್ಳೆಯ ಪ್ರಶ್ನೆ; ಸಸ್ಯವಿಜ್ಞಾನಿಗಳನ್ನೂ ಇದು ಬಹುಕಾಲ ಕಾಡಿದೆ. ಏಷ್ಯಾದ ಮಾನ್ಸೂನ್‌ ಕಾಡುಗಳಲ್ಲಿ ಮಳೆಗೆ ತಿಂಗಳುಗಳ ಮೊದಲೇ ಚಿಗುರು ಬರುವುದು ಒಂದು ವಿರೋಧಾಭಾಸವೆಂದೇ ಹೆಸರಾಗಿದೆ. ಮರ ಮೊದಲು ಹಳೆಯ ಎಲೆಗಳನ್ನು ಉದುರಿಸುತ್ತದೆ. ಆವಿಯಾಗಿ ಹೋಗುವ ನೀರು ಅಲ್ಲಿಗೆ ಬಹುಪಾಲು ನಿಲ್ಲುತ್ತದೆ. ಆಳದ ಬೇರುಗಳು ಕೆಳಮಣ್ಣಿನಿಂದ ನಿಧಾನವಾಗಿ ನೀರೆಳೆದು ಕಾಂಡವನ್ನು ಮತ್ತೆ ತುಂಬಿಸುತ್ತವೆ. ಮೊಗ್ಗು ಒಡೆಯಬೇಕಾದ ಗಳಿಗೆಯನ್ನು ಮಳೆಯಲ್ಲ, ಹಗಲಿನ ಉದ್ದ ತಿಳಿಸುತ್ತದೆ. ಸಸ್ಯವಿಜ್ಞಾನಿ ರೋಲ್ಫ್‌ ಬೋರ್ಚರ್ಟ್‌ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಷ್ಣವಲಯದ ಒಣಕಾಡುಗಳ ಅನೇಕ ಮರಗಳು ಹಗಲು ಅರ್ಧ ಗಂಟೆಯಷ್ಟು, ಕೆಲವು ಕಡೆ ಅದಕ್ಕೂ ಕಡಿಮೆ ಹಿಗ್ಗಿದ್ದನ್ನೇ ಗುರುತಿಸಿ ಮಳೆಯಿಲ್ಲದೆ ಚಿಗುರುವುದನ್ನು ತೋರಿಸಿದರು. ಬೆಂಗಳೂರಿನ ಅಕ್ಷಾಂಶದಲ್ಲಿ ಅತಿ ಗಿಡ್ಡ ಹಗಲು ಸುಮಾರು 11 ಗಂಟೆ 20 ನಿಮಿಷ, ಅತಿ ಉದ್ದದ್ದು 12 ಗಂಟೆ 50 ನಿಮಿಷ. ಇಷ್ಟು ಸಣ್ಣ ಅಂತರವನ್ನು ಮರ ಓದಬಲ್ಲದು. ಆದರೆ ಓದಿದ ಮೇಲೆ ಚಿಗುರಿಗೆ ಬೇಕಾದ ನೀರು ಅದರ ಕಾಂಡದಲ್ಲಿ, ಆಳದ ಬೇರಿನ ಸುತ್ತ ಇರಬೇಕು. ಕೈತೋಟದ ಗಿಡಗಳಲ್ಲಿ ಬಹುಪಾಲಿನ ಬೇರು ಮೇಲಿನ ಒಂದಡಿ ಮಣ್ಣಿನಲ್ಲೇ ಇದೆ.

ಮೇಲುಬೇರಿನ ಗಿಡ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಕೊಡಗು ಚಿಕ್ಕಮಗಳೂರಿನ ಕಾಫಿತೋಟಗಳನ್ನು ನೋಡಬೇಕು. ಕಾಫಿಯ ನೀರುಂಬುವ ಬೇರುಗಳು ಹೆಚ್ಚಾಗಿ ಮೇಲ್ಪದರದಲ್ಲಿರುತ್ತವೆ. ಅದರ ಮೊಗ್ಗುಗಳು ಒಣಹವೆಯಲ್ಲಿ ಬಲಿತು ನಿಂತಲ್ಲೇ ನಿಂತಿರುತ್ತವೆ. ಹಗಲು ಎಷ್ಟೇ ಉದ್ದವಾದರೂ, ಒಂದು ಇಂಚಿನಷ್ಟಾದರೂ ಹೂಮಳೆ ಬೀಳದೆ ಅರಳುವುದಿಲ್ಲ. ಬಿದ್ದರೆ ಒಂಬತ್ತು ಹತ್ತು ದಿನಗಳಲ್ಲಿ ಗುಡ್ಡಕ್ಕೆ ಗುಡ್ಡವೇ ಬೆಳ್ಳಗೆ. ಮಳೆ ಕೈಕೊಟ್ಟರೆ ಬೆಳೆಗಾರರು ಸ್ಪ್ರಿಂಕ್ಲರ್‌ ಹಾಕಿ ಆ ಮಳೆಯನ್ನು ತಾವೇ ಸುರಿಸುತ್ತಾರೆ. ಹಿತ್ತಲಿನ ಬದನೆ, ಮೆಣಸು, ಸೇವಂತಿಗೆಗಳು ಹೊಂಗೆಯ ಪಂಗಡಕ್ಕಲ್ಲ, ಕಾಫಿಯ ಪಂಗಡಕ್ಕೆ ಸೇರಿದವು. ಹೊಂಗೆಯ ಚಿಗುರು ಇಪ್ಪತ್ತಡಿ ಆಳದ ಸುದ್ದಿಯನ್ನು ಹೇಳುತ್ತಿದೆ. ಮೇಲಿನ ಒಂದಡಿಯ ಬಗ್ಗೆ ಅದಕ್ಕೆ ಹೇಳಲು ಏನೂ ಇಲ್ಲ.

ಆ ಒಂದಡಿಯಿಂದ ನೀರು ಹೋಗುವ ಬಗೆಯನ್ನು ತುಸು ವಿವರವಾಗಿಯೇ ನೋಡಬೇಕು. ಬರಿಮಣ್ಣಿನಿಂದ ನೀರು ಆವಿಯಾಗುವುದು ಎರಡು ಹಂತಗಳಲ್ಲಿ. ಮೇಲ್ಮೈ ಒದ್ದೆಯಾಗಿರುವಷ್ಟು ಹೊತ್ತು ಬಿಸಿಲು, ಗಾಳಿ ಎಷ್ಟು ಕೇಳುತ್ತವೆಯೋ ಅಷ್ಟನ್ನೂ ಮಣ್ಣು ಕೊಡುತ್ತಲೇ ಇರುತ್ತದೆ. ನಮ್ಮ ಒಳನಾಡಿನ ಮಾರ್ಚ್‌ ತಿಂಗಳಲ್ಲಿ ತೆರೆದ ನೀರು ಆವಿಯಾಗುವ ಪ್ರಮಾಣ ದಿನಕ್ಕೆ 6–7 ಮಿಲಿಮೀಟರ್‌. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್‌ ಎಂದರೆ ಸರಿಯಾಗಿ ಒಂದು ಲೀಟರ್‌. ಒದ್ದೆ ನೆಲವೂ ಹೆಚ್ಚುಕಡಿಮೆ ಈ ವೇಗದಲ್ಲೇ ಆರುತ್ತದೆ. ಹತ್ತು ಚದರ ಮೀಟರಿನ ಪಾತಿಯಾದರೆ ದಿನಕ್ಕೆ ನಾಲ್ಕಾರು ಕೊಡ ನೀರು ಯಾವ ಗಿಡದ ಮೂಲಕವೂ ಹಾದುಹೋಗದೆ ನೇರ ಗಾಳಿಗೆ. ಒಂದೆರಡು ದಿನ ಕಳೆದು ಮೇಲ್ಪದರ ಒಣಗಿತೆಂದರೆ ಎರಡನೆಯ ಹಂತ. ಒಣಪದರದ ಕೆಳಗಿನ ತೇವ ದ್ರವವಾಗಿ ಮೇಲೇರಲಾರದು, ಆವಿಯಾಗಿ ಕಣಗಳ ಸಂದಿಯಲ್ಲಿ ನುಸುಳಿ ಬರಬೇಕು. ಆಗ ಬಿಸಿಲು ಎಷ್ಟೇ ಸುಟ್ಟರೂ ಹೋಗುವ ನೀರು ತೀರ ಕಡಿಮೆಯಾಗುತ್ತದೆ, ದಿನಗಳೆದಂತೆ ಇನ್ನೂ ಇಳಿಯುತ್ತದೆ. ದಿನಾ ಸಂಜೆ ಪೈಪು ಹಿಡಿದು ನೆಲ ತೋಯುವಷ್ಟು ಚಿಮುಕಿಸುವ ಅಭ್ಯಾಸ ಮಾಡುವ ಕೇಡು ಇಲ್ಲಿ ಸ್ಪಷ್ಟವಾಗುತ್ತದೆ. ಅದು ಮಣ್ಣನ್ನು ಎರಡನೆಯ ಹಂತಕ್ಕೆ ಹೋಗಲು ಬಿಡುವುದೇ ಇಲ್ಲ. ಅಷ್ಟೇ ನೀರನ್ನು ನಾಲ್ಕು ದಿನಕ್ಕೊಮ್ಮೆ ಬುಡದಲ್ಲಿ ಇಂಗುವಂತೆ ಕೊಟ್ಟರೆ ಬೇರಿಗೆ ಸಿಗುವ ಪಾಲು ಹೆಚ್ಚು. ನೆಲದ ಮೇಲೆ ಎರಡು ಮೂರು ಅಂಗುಲ ತರಗೆಲೆ ಇದ್ದರಂತೂ ಮೊದಲನೆಯ ಹಂತದ ಸೋರಿಕೆಗೇ ಕಡಿವಾಣ: ಬಿಸಿಲು ಮಣ್ಣನ್ನು ಮುಟ್ಟುವುದಿಲ್ಲ, ಗಾಳಿ ತೇವವನ್ನು ಹೊತ್ತೊಯ್ಯುವುದಿಲ್ಲ, ಆವಿ ಎಲೆಗಳ ನಡುವೆ ತಡೆದು ನಿಲ್ಲುತ್ತದೆ.

ಗಿಡವೇ ತನ್ನ ಎಲೆಗಳ ಮೂಲಕ ಬಿಡುವ ನೀರನ್ನು ಮಾತ್ರ ಯಾವ ಮುಚ್ಚಿಗೆಯೂ ತಡೆಯಲಾರದು. ಗಿಡಗಳು ಬೆಳೆದು ಪಾತಿಗೆ ಪೂರ್ತಿ ನೆರಳು ಬಿದ್ದ ಮೇಲೆ ನೆಲದಿಂದ ಹೋಗುವ ಪಾಲು ತಾನಾಗಿಯೇ ಕುಗ್ಗುವುದರಿಂದ ಮುಚ್ಚಿಗೆಯ ಲಾಭವೂ ಕುಗ್ಗುತ್ತದೆ. ಸಸಿಗಳು ಚಿಕ್ಕವಿದ್ದು ಅವುಗಳ ನಡುವೆ ಬರಿನೆಲ ಬಾಯ್ತೆರೆದಿರುವ ಈ ತಿಂಗಳುಗಳಲ್ಲೇ ಅದರ ಕೆಲಸ ಅತಿ ಹೆಚ್ಚು. ಇನ್ನೊಂದು ಆಕ್ಷೇಪವೂ ಇದೆ: ಅಕಾಲದಲ್ಲಿ ಬೀಳುವ ಎರಡು ಮೂರು ಮಿಲಿಮೀಟರ್‌ ಮಳೆಯನ್ನು ತರಗೇ ಹೀರಿಕೊಂಡು ಮಣ್ಣಿಗೆ ತಲುಪಗೊಡುವುದಿಲ್ಲ. ನಿಜ. ಆದರೆ ಅಷ್ಟು ಮಳೆ ಬರಿನೆಲಕ್ಕೆ ಬಿದ್ದಿದ್ದರೂ ಮರುದಿನ ಮಧ್ಯಾಹ್ನದೊಳಗೆ ಆರಿಹೋಗುತ್ತಿತ್ತು. ನಾವು ಕೊಡುವ ನೀರನ್ನು ತರಗಿನ ಮೇಲೆ ಚಿಮುಕಿಸದೆ ಅದನ್ನು ಸರಿಸಿ ಬುಡಕ್ಕೆ ಕೊಟ್ಟರಾಯಿತು.

ಹೆಚ್ಚು ಗಟ್ಟಿಯಾದ ಆಕ್ಷೇಪ ಬರುವುದು ರೈತರ ಅನುಭವದಿಂದ. ಮಾಗಿ ಉಳುಮೆ ನಮ್ಮಲ್ಲಿ ತಲೆಮಾರುಗಳಿಂದ ಇದೆ. ಸುಗ್ಗಿ ಮುಗಿದ ಮೇಲೆ ಹೊಲವನ್ನು ಉತ್ತು ಬಿಸಿಲಿಗೆ ಒಡ್ಡುವುದನ್ನು ಕೃಷಿ ಇಲಾಖೆಯೂ ಹೇಳುತ್ತದೆ. ಹಾಗಿದ್ದಮೇಲೆ ಹಿತ್ತಲನ್ನು ಅಗೆಯಬಾರದೇಕೆ? ವ್ಯತ್ಯಾಸವಿರುವುದು ಹೊಲ ಖಾಲಿ ಎಂಬುದರಲ್ಲಿ. ಅಲ್ಲಿ ಕಾಪಾಡಬೇಕಾದ ಬೇರಿಲ್ಲ. ಮಣ್ಣಿನಲ್ಲಿ ಅಡಗಿದ ಹುಳುಗಳ ಕೋಶಗಳು ಬಿಸಿಲಿಗೆ, ಹಕ್ಕಿಗಳಿಗೆ ಸಿಕ್ಕಿ ಸಾಯುತ್ತವೆ, ಹೆಂಟೆಗಳೆದ್ದ ನೆಲ ಮುಂಗಾರಿನ ಮೊದಲ ಜೋರುಮಳೆಯನ್ನು ಹರಿಯಗೊಡದೆ ಕುಡಿಯುತ್ತದೆ. ಹಿತ್ತಲಿನಲ್ಲೂ ಪೂರ್ತಿ ಖಾಲಿ ಬಿಟ್ಟ ಪಾತಿಯಿದ್ದರೆ ಮಾಗಿ ಉಳುಮೆಯ ತರ್ಕ ಅದಕ್ಕೂ ಸಲ್ಲುತ್ತದೆ, ಧಾರಾಳವಾಗಿ ಅಗೆಯಬಹುದು. ಬದುಕಿರುವ ಗಿಡಗಳ ನಡುವೆ ಗುದ್ದಲಿ ಆಡಿಸಿದರೆ ಆಗುವುದು ಬೇರೆ: ತೇವದ ಕೆಳಮಣ್ಣು ಮೇಲೆ ಬಂದು ಆರುತ್ತದೆ, ನೀರುಂಬುವ ಸಣ್ಣ ಬೇರುಗಳು ಅವು ಅತ್ಯಂತ ಬೇಕಾದ ಕಾಲದಲ್ಲೇ ತುಂಡಾಗುತ್ತವೆ. ಮೇಲ್ಮಣ್ಣನ್ನು ಕುಂಟೆಯಾಡಿಸಿ ಪುಡಿಮಾಡಿದರೆ ಕೆಳಗಿನ ತೇವ ಏರಿಬರುವ ದಾರಿ ಕಡಿಯುತ್ತದೆ ಎಂಬ ವಾದವೂ ಹಳೆಯದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದ ಮಣ್ಣುವಿಜ್ಞಾನಿ ಎಫ್‌. ಎಚ್‌. ಕಿಂಗ್‌ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭಕ್ಕೆ, ಈ ದೂಳಿನ ಹೊದಿಕೆಗೆ ಬಹಳ ಮನ್ನಣೆಯಿತ್ತು. ಎರಡನೆಯ ಹಂತದ ವಿವರಣೆ ಬಂದ ಮೇಲೆ ಅದರ ಬೆಲೆ ತಗ್ಗಿತು: ಸುಡುಬಿಸಿಲಲ್ಲಿ ಒಣಪದರ ತಾನಾಗಿಯೇ ಮೂಡುತ್ತದೆ, ಕುಂಟೆಯಿಂದ ಆಗುತ್ತಿದ್ದ ದೊಡ್ಡ ಉಪಕಾರ ಕಳೆ ಸಾಯುವುದು. ಇದಕ್ಕೆ ನಮ್ಮಲ್ಲೇ ಒಂದು ಅಪವಾದವಿದೆ. ಧಾರವಾಡ, ವಿಜಯಪುರದ ಕಡೆಯ ಎರೆಭೂಮಿ ಒಣಗುವಾಗ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಆ ಬಿರುಕುಗಳು ಆಳದ ತೇವಕ್ಕೆ ತೆರೆದ ಬಾಗಿಲು. ಅಲ್ಲಿ ಎಡೆ ಹೊಡೆದು ಬಿರುಕು ಮುಚ್ಚುವುದು ಅರ್ಥವಿರುವ ಕೆಲಸ. ಕೆಂಪುಮಣ್ಣಿನ ಹಿತ್ತಲಿಗೆ ಆ ಉಪಾಯ ಬೇಕಿಲ್ಲ.

ತರಗೆಲೆ ಹರಡಿದರೆ ಸಾರಜನಕ ಸಾಲದೆ ಗಿಡ ಹಳದಿಯಾಗುತ್ತದೆ ಎಂಬ ಹೆದರಿಕೆ ಅರ್ಧ ಸತ್ಯ. ಎಲೆ ಉದುರುವ ಮೊದಲು ಮರ ಅದರಲ್ಲಿನ ಸಾರಜನಕ, ರಂಜಕಗಳ ಅರ್ಧದಷ್ಟನ್ನೋ ಅದಕ್ಕೂ ಹೆಚ್ಚನ್ನೋ ಕೊಂಬೆಗೆ ವಾಪಸು ಎಳೆದುಕೊಂಡಿರುತ್ತದೆ. ಉಳಿದ ತರಗಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಇಂಗಾಲ ಸಾರಜನಕಗಳ ಅನುಪಾತ ಸುಮಾರು 25–30ನ್ನು ಮೀರಿದ ವಸ್ತುವನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎತ್ತಿಕೊಳ್ಳುತ್ತವೆ. ಆದರೆ ಈ ಕಸಿಯುವಿಕೆ ನಡೆಯುವುದು ತರಗೂ ಮಣ್ಣೂ ಸೇರುವಲ್ಲಿ ಮಾತ್ರ. ಮೇಲೆ ಹಾಸಿದರೆ ಅದು ತೆಳುವಾದ ಒಂದು ಪದರಕ್ಕೆ ಸೀಮಿತ. ಅಗೆದು ಬೆರೆಸಿದರೆ ಬೇರಿನ ವಲಯಕ್ಕೆಲ್ಲ ಹರಡುತ್ತದೆ. ಕೇಡು ಮಾಡುವುದು ತರಗನ್ನು ಹೂಳುವುದು, ಹಾಸುವುದಲ್ಲ. ಇಲ್ಲೊಂದು ಸಣ್ಣ ತಿದ್ದುಪಡಿ: ಬೇಗ ಕೊಳೆಯುವುದಿಲ್ಲವೆಂದು ಮಾವಿನ ಎಲೆಯನ್ನು ಜನ ಬೈಯುತ್ತಾರೆ. ಗೊಬ್ಬರದ ಗುಂಡಿಗೆ ಅದು ದೋಷ, ಮುಚ್ಚಿಗೆಗೆ ಅದೇ ಗುಣ. ಹೊಂಗೆ ದ್ವಿದಳ ಧಾನ್ಯಗಳ ಕುಟುಂಬದ ಮರ; ಅದರ ತೆಳು ಎಲೆಯಲ್ಲಿ ಸಾರಜನಕ ಹೆಚ್ಚು, ಬೇಗ ಕರಗಿ ಮಣ್ಣಿಗೆ ಸೇರುತ್ತದೆ. ಕೆಳಗೆ ಹೊಂಗೆ, ಮೇಲೆ ಮಾವು ಹಲಸು ಹಾಕಿದರೆ ಎರಡರ ಲಾಭವೂ ಸಿಗುತ್ತದೆ.

ಸುಟ್ಟು ಬೂದಿ ಹಾಕಿದರೆ ಸಾರ ಸಿಗುವುದಿಲ್ಲವೇ ಎಂದರೆ, ಪೊಟ್ಯಾಸಿಯಮ್‌ ಮತ್ತು ಸುಣ್ಣದ ಅಂಶ ಸಿಗುತ್ತದೆ. ಸಾರಜನಕ ಬಹುಪಾಲು ಹೊಗೆಯಲ್ಲಿ ಹೋಗುತ್ತದೆ, ಇಂಗಾಲವಂತೂ ಸರಿಯೇ ಸರಿ, ಹೊಗೆ ಅಕ್ಕಪಕ್ಕದವರ ಪುಪ್ಪುಸಕ್ಕೆ. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್‌ ಅವರು ಕಸದ ವಿಲೇವಾರಿ ಕುರಿತು ಹೂಡಿದ್ದ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಿನಲ್ಲಿ ಕಸ ಸುಡುವುದಕ್ಕೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಆದರೂ ಮಾರ್ಚ್‌ ತಿಂಗಳ ಬೆಳಗ್ಗೆ ಬಡಾವಣೆಗಳಲ್ಲಿ ನಡೆದರೆ ಮೊದಲು ಮೂಗಿಗೆ ಬಡಿಯುವುದು ತರಗು ಸುಟ್ಟ ವಾಸನೆ.

ತರಗು ಹಾಸಿದರೆ ಹಾವು ಸೇರಿಕೊಳ್ಳುತ್ತದೆ ಎಂಬ ಭಯವನ್ನು ನಗೆಯಾಡಿ ತಳ್ಳಿಹಾಕುವುದು ಸರಿಯಲ್ಲ. ಮೊಣಕಾಲೆತ್ತರ ಗುಡ್ಡೆ ಹಾಕಿದ ತರಗು ಇಲಿಗೂ ಇಲಿಯ ಹಿಂದೆ ಬರುವ ಹಾವಿಗೂ ಮನೆ. ಎರಡು ಮೂರು ಅಂಗುಲದ ಹಾಸಿನಲ್ಲಿ ಅಂಥ ಪೊಟರೆ ಇರುವುದಿಲ್ಲ. ಬಾಗಿಲ ಬಳಿ, ನಡೆದಾಡುವ ದಾರಿಯಲ್ಲಿ ಅದೂ ಬೇಡ. ಅಂಗಳ ಗುಡಿಸಿದ್ದೇ ಇರಲಿ, ಗುಡಿಸಿದ್ದು ಪಾತಿಗೆ ಹೋಗಲಿ. ಗೆದ್ದಲು ಬರುತ್ತದೆ, ಬಂದರೂ ಹೆಚ್ಚಾಗಿ ತಿನ್ನುವುದು ಸತ್ತದ್ದನ್ನು. ತೊಗಟೆಗೆ ತೇವದ ಕಸ ಅಂಟಿಕೊಂಡಿದ್ದರೆ ಮಾತ್ರ ಗಿಡಕ್ಕೂ ಏರೀತು, ಆದ್ದರಿಂದ ಕಾಂಡದ ಸುತ್ತ ಒಂದು ಗೇಣು ಜಾಗ ಬಿಡಬೇಕು. ಕಪ್ಪುಚುಕ್ಕೆ ರೋಗ ಹತ್ತಿದ ಗುಲಾಬಿಯ ಎಲೆಗಳನ್ನು ಅದೇ ಗಿಡದಡಿ ಬಿಡಬಾರದು, ಅವನ್ನು ಆರಿಸಿ ತೆಗೆಯುವುದೇ ಸರಿ.

ಸವರುವ ವಿಷಯದಲ್ಲಿ ಒಂದು ಜಾಣ ವಾದ ಕೇಳಿಬರುತ್ತದೆ: ಕೊಂಬೆ ಕಡಿದರೆ ಎಲೆ ಕಡಿಮೆಯಾಗುತ್ತದೆ, ಎಲೆ ಕಡಿಮೆಯಾದರೆ ನೀರಿನ ಖರ್ಚೂ ಕಡಿಮೆ, ಬೇಸಿಗೆಗೆ ಮೊದಲು ಸವರುವುದು ಒಳ್ಳೆಯದಲ್ಲವೇ? ಎರಡು ವಾರಕ್ಕೆ ಈ ಲೆಕ್ಕ ಸರಿ. ಆಮೇಲೆ ಕಡಿದಲ್ಲೆಲ್ಲ ಎಳೆಚಿಗುರು ನುಗ್ಗುತ್ತದೆ. ಎಳೆಯ ಎಲೆಗೆ ಮೇಣದ ಪದರ ಬಲಿತಿರುವುದಿಲ್ಲವಾದ್ದರಿಂದ ಅದು ನೀರನ್ನು ಹಿಡಿದಿಡಲಾರದು, ಗಿಡಹೇನು ನುಸಿಗಳಿಗೂ ಅದೇ ಪ್ರಿಯ. ಅದುವರೆಗೆ ನೆರಳಿನಲ್ಲಿದ್ದ ತೊಗಟೆಗೆ ಏಪ್ರಿಲ್‌ ಬಿಸಿಲು ನೇರವಾಗಿ ಬೀಳುವುದು ಬೇರೆ. ದಕ್ಷಿಣದ ಬಯಲಿನಲ್ಲಿ ಗುಲಾಬಿಯನ್ನು ಮಳೆಗಾಲ ಮುಗಿದ ಅಕ್ಟೋಬರಿನ ಸುಮಾರಿಗೆ ಸವರುವ ರೂಢಿ ಈ ಕಾರಣಕ್ಕೇ ಬುದ್ಧಿವಂತಿಕೆಯದು. ದುಂಡುಮಲ್ಲಿಗೆಯ ಸವರುವಿಕೆ ಚಳಿಗಾಲದಲ್ಲೇ ಮುಗಿದಿರಬೇಕು. ಮಾವಿಗಂತೂ ಈಗ ಕತ್ತಿ ತಾಗಿಸಕೂಡದು, ಹೂ ಬಿಟ್ಟಿರುವಾಗ ನೀರನ್ನೂ ಸುರಿಯಬಾರದು. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ನೀರು. ಮಿಡಿ ಉದುರುವುದನ್ನು ಕಂಡು ಗಾಬರಿಯಾಗಿ ಗೊಬ್ಬರ ಹಾಕುವವರಿದ್ದಾರೆ. ಮಾವಿನ ಹೂಗಳಲ್ಲಿ ನೂರಕ್ಕೆ ಒಂದೂ ಹಣ್ಣಾಗುವುದಿಲ್ಲ, ಅದು ಮರದ ಸ್ವಭಾವ.

ಹಾಗಾದರೆ ವಸಂತದಲ್ಲಿ ಬಿತ್ತುವುದೇ ಬೇಡವೇ? ಬಿತ್ತಬಹುದು, ಬಿಸಿಯನ್ನು ಬಯಸುವವನ್ನು. ಸೋರೆ, ಹೀರೆ, ಸೌತೆ, ಕುಂಬಳಗಳ ಬೀಜ 25ರಿಂದ 35 ಡಿಗ್ರಿಯ ಮಣ್ಣಿನಲ್ಲಿ ಚುರುಕಾಗಿ ಮೊಳೆಯುತ್ತದೆ. ಬೆಂಡೆ, ಅಲಸಂದೆ, ದಂಟು, ಬಸಳೆಗಳೂ ಒಗ್ಗುತ್ತವೆ. ನೀರು ಎಷ್ಟು ಪಾತಿಗೆ ಸಾಲುತ್ತದೋ ಅಷ್ಟಕ್ಕೆ ಮಾತ್ರ. ಟೊಮೆಟೊವನ್ನು ಈಗ ಶುರುಮಾಡಿದರೆ ಅದು ಹೂ ಬಿಡುವುದು ಏಪ್ರಿಲ್‌ ಕೊನೆಗೆ. ಹಗಲು 32–35 ಡಿಗ್ರಿ ದಾಟಿ ರಾತ್ರಿಯೂ ತಣಿಯದಿದ್ದರೆ ಪರಾಗ ಕೆಲಸಮಾಡದೆ ಹೂ ಉದುರುತ್ತದೆ. ಊರ ಅವರೆಗೆ ಹಗಲು ಗಿಡ್ಡವಾಗುತ್ತ ಬಂದರೇ ಹೂವು, ಈಗ ಹಾಕಿದರೆ ಬರೀ ಬಳ್ಳಿ ಹಬ್ಬುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಬಿಡುಗಡೆ ಮಾಡಿದ ಎಚ್‌ಎ-4ರಂಥ ಹೆಬ್ಬಾಳ ಅವರೆ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸುವುದಿಲ್ಲ. ಕ್ಯಾರೆಟ್‌, ಲೆಟ್ಯೂಸ್‌ ಬೀಜಗಳು ಕಾದ ಮಣ್ಣಿನಲ್ಲಿ ಮೊಳೆಯಲು ಒಪ್ಪುವುದಿಲ್ಲ.

ನೀರಿದ್ದವರಿಗೆ ಈ ಕಟ್ಟುಪಾಡೆಲ್ಲ ಯಾಕೆ ಎಂದೂ ಕೇಳಬಹುದು. ಯಾರಿಗಿದೆ ಎಂಬುದೇ ಪ್ರಶ್ನೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹಾಕಿತು. ಸುಮಾರು ನೂರು ಕಿಲೋಮೀಟರ್‌ ದೂರದಿಂದ ಮೇಲಕ್ಕೆತ್ತಿ ತಂದ ಕಾವೇರಿ ನೀರನ್ನು ಬರಿಮಣ್ಣಿನ ಆವಿಯಾಗುವಿಕೆಯ ಮೊದಲನೆಯ ಹಂತಕ್ಕೆ ಒಪ್ಪಿಸುವುದನ್ನು ಸಮರ್ಥಿಸಲು ಕಾರಣ ಹುಡುಕುವುದು ಕಷ್ಟ. ತರಕಾರಿ, ಅಕ್ಕಿ ತೊಳೆದ ನೀರು ಗಿಡಕ್ಕೆ ಒಳ್ಳೆಯದೇ. ಬಟ್ಟೆ ಒಗೆದ ನೀರಿನ ಸೋಡಿಯಂ ದಿನಾ ಬಿದ್ದರೆ ಮಣ್ಣು ಗಟ್ಟಿಯಾಗುತ್ತದೆ.

ಮುಚ್ಚಿಗೆಯೇನೂ ಹೊಸ ಶೋಧವಲ್ಲ. ಉತ್ತರ ಕನ್ನಡದ ಅಡಿಕೆ ತೋಟಗಳು ಸೊಪ್ಪು ತರಗುಗಳ ಮೇಲೆಯೇ ನಿಂತವು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟದ (ಸೊಪ್ಪು, ತರಗು ತರುವ ಕಾಡಿನ) ಹಕ್ಕು ಕೊಟ್ಟ ವ್ಯವಸ್ಥೆ ಅಲ್ಲಿಯದು. ತೋಟದ ನೆಲ ತಣ್ಣಗಿರಲು ಅಷ್ಟು ಬೆಟ್ಟ ಬರಿದಾಗಬೇಕೆ ಎಂಬ ತಕರಾರು ನ್ಯಾಯವಾದದ್ದೇ. ಅದಕ್ಕೇ ಹಿತ್ತಲಿನ ಮುಚ್ಚಿಗೆ ಹಿತ್ತಲಿನದೇ ಎಲೆ, ಬೀದಿಯಲ್ಲಿ ಉದುರಿ ಲಾರಿ ಹತ್ತಬೇಕಾಗಿದ್ದ ಎಲೆ ಆಗಿರಬೇಕು. ಕಾಡಿನಿಂದ ಗೋಣಿಚೀಲದಲ್ಲಿ ಬಂದದ್ದಾಗಿರಬಾರದು. ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ಮನೆಮಾಡಿಕೊಂಡ ಕನ್ನಡಿಗರು ಮಾರ್ಚ್‌ ತಿಂಗಳಲ್ಲಿ ಹೀಗೆ ಮಾಡಹೊರಟರೆ ತಪ್ಪಾಗುತ್ತದೆ: ಮುಚ್ಚಿದ ನೆಲ ತಂಪಾಗಿಯೇ ಉಳಿಯುತ್ತದೆ, ಅಲ್ಲಿ ಅದನ್ನು ಸರಿಸಿ ಮಣ್ಣಿಗೆ ಬಿಸಿಲು ಕಾಣಿಸಬೇಕು.

ಗೊಬ್ಬರದ ಮಾತು ಉಳಿಯಿತು. ಒಣಮಣ್ಣಿನಲ್ಲಿ ಸಾರ ಬೇರಿನ ಕಡೆ ಚಲಿಸುವುದಿಲ್ಲ, ಕೊಳೆಸುವ ಜೀವಿಗಳೂ ನಿಧಾನ. ಈಗ ಸುರಿದ ರಾಸಾಯನಿಕ ಗೊಬ್ಬರ ಬೇರನ್ನು ಸುಡಲೂಬಹುದು. ಪೂರ್ವ ಆಫ್ರಿಕದಲ್ಲಿ ಕೆಲಸಮಾಡಿದ ಮಣ್ಣುವಿಜ್ಞಾನಿ ಎಚ್‌. ಎಫ್‌. ಬರ್ಚ್‌ 1958ರಲ್ಲಿ ವಿವರಿಸಿದ ಸಂಗತಿಯೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಚೆನ್ನಾಗಿ ಒಣಗಿದ ಮಣ್ಣು ಮತ್ತೆ ತೊಯ್ದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಎಚ್ಚೆತ್ತು, ಸತ್ತ ಜೀವಿಗಳನ್ನೂ ಸಾವಯವ ಅಂಶವನ್ನೂ ಒಡೆದು, ಕೆಲವೇ ದಿನಗಳಲ್ಲಿ ಸಾರಜನಕದ ಒಂದು ದೊಡ್ಡ ಕಂತನ್ನು ಬಿಡುತ್ತವೆ. ನಮ್ಮಲ್ಲಿ ಆ ಗಳಿಗೆ ಬರುವುದು ಅಶ್ವಿನಿ ಭರಣಿ ಮಳೆಗಳ ಹೊತ್ತಿಗೆ, ಏಪ್ರಿಲ್‌ ನಡುವಿನಿಂದ ಮೇ ಮೊದಲ ವಾರದೊಳಗೆ. ಆ ಸಾರವನ್ನು ಹಿಡಿಯಲು ಬೇರು ಸಿದ್ಧವಿರದಿದ್ದರೆ ಮುಂದಿನ ಜೋರುಮಳೆ ಅದನ್ನು ತೊಳೆದೊಯ್ಯುತ್ತದೆ. ಆದ್ದರಿಂದ ಫೆಬ್ರವರಿಯಿಂದ ಮುಚ್ಚಿದ್ದ ತರಗನ್ನು ಸರಿಸಿ ಪಾತಿ ಸಡಿಲಿಸುವುದು, ಕೊಟ್ಟಿಗೆ ಗೊಬ್ಬರ ಸೇರಿಸುವುದು, ಸಸಿ ನೆಡುವುದು ಎಲ್ಲವೂ ಮೊದಲ ಹದಮಳೆಯ ಮರುದಿನದ ಕೆಲಸ. ಅರ್ಧ ಕೊಳೆತ ಕೆಳಪದರ ಆಗ ಮಣ್ಣಿನೊಂದಿಗೆ ಬೆರೆಯಬಲ್ಲಷ್ಟು ಮೆತ್ತಗಾಗಿರುತ್ತದೆ. ಒಣಗಿ ಉಳಿದ ಮೇಲ್ಪದರವನ್ನು ಹೊಸ ಸಸಿಗಳ ಸುತ್ತ ಮತ್ತೆ ಹಾಸಬಹುದು.